ನನ್ನನ್ನು ಪೆಂಡಿ ಜಯಮ್ಮ ಎಂದು ಕರೆದರು

ನಮ್ಮ ಗಿಡಗಳ ನರ್ಸರಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ದಾಸರಹಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಜಯಮ್ಮನ ಹತ್ತಿರ ನಾಲ್ಕು ಮಾತು ಕೇಳಿಕೊಂಡು ಬಾ ಎಂದು ಓನರೇ ಕಳಿಸುತ್ತಾರೆ. ಬಂದವರು ಕಾಫಿ ಕುಡಿದು ಮೊದಲು ಕೇಳುವುದು ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು. ಎಷ್ಟು ಹೊತ್ತಾದರೂ ನಿಲ್ಲಬೇಕು, ಇನ್ನೇನು? ನೆರಳಲ್ಲಿ ಬದನೆ ಕಾಯಿ ಬಿಡುತ್ತದೆಯೇ? ಅದನ್ನು ಬಿಟ್ಟು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಯಾರೂ ಕೇಳಲಿಲ್ಲ, ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ಪ್ಲಾಸ್ಟಿಕ್ ಕವರಿಗೆ ಮಣ್ಣು ತುಂಬುವವಳಾಗಿ ಸೇರಿ, ಮನೆಮನೆಗೆ ಹೋಗಿ ಕೈತೋಟ ಮಾಡಿಕೊಡುವ ತಂಡ ನಡೆಸುವವಳಾಗಿ ಹೊರಬಂದೆ. ಮಂಡಿ ಸವೆದಿದ್ದರಿಂದ ಬಂದೆ, ಇಲ್ಲದಿದ್ದರೆ ಬರುತ್ತಿರಲಿಲ್ಲ. ನಡುವೆ ಯಾವಾಗ ಏನಾದೆ ಎಂಬುದು ಯಾರಿಗೂ ಬೇಡದ ಮಾತು. ಹೇಳಬೇಕಾದದ್ದು ಹುಲ್ಲಿನ ಪೆಂಡಿಯ ವಿಷಯ. ಮಷೀನಿನಲ್ಲಿ ಒತ್ತಿ, ದಾರ ಬಿಗಿದು, ಹಸುಗಳಿಗೆಂದು ಮಾರುತ್ತಾರಲ್ಲ, ಆ ಒಣಹುಲ್ಲಿನ ಪೆಂಡಿ. ಅದರ ಮೇಲೆ ಬದನೆ, ಟೊಮೇಟೊ, ಹೀರೆ, ಬೀನ್ಸ್ ಬೆಳೆಸಿ ಕೊಟ್ಟವಳು ನಾನು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ನನ್ನನ್ನು ಪೆಂಡಿ ಜಯಮ್ಮ ಎನ್ನುತ್ತಿದ್ದರು. ಮೊದಮೊದಲು ಆಡಿಕೊಳ್ಳಲು ಇಟ್ಟ ಹೆಸರು. ಆಮೇಲೆ ಅದೇ ಹೆಸರು ಹೇಳಿ ಹುಡುಕಿಕೊಂಡು ಬಂದರು.

ಬೇಗೂರಿನಲ್ಲಿ ಮುನಿಯಮ್ಮ ಎಂಬ ತಾಯಿಯ ಮನೆಯ ಪಕ್ಕದ ಜಾಗ ಕಾಂಕ್ರೀಟಿನ ಅಡಿಗೆ ಹೋಗುವುದೋ, ತೋಟವಾಗಿ ಉಳಿಯುವುದೋ ಎಂಬುದು ಒಂದು ವರ್ಷ ನನ್ನ ಪೆಂಡಿಗಳ ಮೇಲೆ ನಿಂತಿತ್ತು. ಆ ಕಥೆ ಹೇಳಲೆಂದೇ ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ಪೆಂಡಿ ನನ್ನ ಕೈಗೆ ಹೇಗೆ ಬಂತು, ಎಷ್ಟು ಸಲ ಕೈ ಕೊಟ್ಟಿತು ಎಂಬುದನ್ನು ಹೇಳದಿದ್ದರೆ ನಿಮಗೆ ಇದರಿಂದ ಏನೂ ಪ್ರಯೋಜನವಿಲ್ಲ.

ನಮ್ಮ ಓನರ್ ರಂಗಪ್ಪನವರು ಒಳ್ಳೆಯವರು, ಆದರೆ ಕೆಮ್ಮಣ್ಣಿನ ಭಕ್ತರು. ಯಾವ ಮನೆಯಲ್ಲಿ ಯಾವ ತೊಂದರೆ ಹೇಳಿದರೂ ಅವರ ಮದ್ದು ಒಂದೇ, ಒಂದು ಲೋಡು ಕೆಮ್ಮಣ್ಣು. ಗಿಡ ಹಳದಿಯಾಯಿತೇ, ಕೆಮ್ಮಣ್ಣು. ನೀರು ನಿಲ್ಲುತ್ತದೆಯೇ, ಕೆಮ್ಮಣ್ಣು. ವೈಟ್‌ಫೀಲ್ಡಿನ ಒಂದು ಸಾಲುಮನೆಯಲ್ಲಿ ಆ ಮದ್ದು ನಡೆಯಲಿಲ್ಲ. ಹಿತ್ತಲಿಗೆ ಹೋಗುವ ಓಣಿ ಎಷ್ಟು ಇಕ್ಕಟ್ಟು ಎಂದರೆ ತಳ್ಳುಗಾಡಿಯೂ ಹೋಗದು. ಹಿತ್ತಲಿನ ನೆಲವೆಲ್ಲ ಕಟ್ಟಡದ ಡೆಬ್ರೀಸ್. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಟೈಲ್ಸ್ ತುಂಡು. ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಆ ಮನೆಯ ಮೇಡಂ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದಲ್ಲಿ ಟೋಪಿ ಹಾಕಿಕೊಂಡ ಅಜ್ಜಿಯೊಬ್ಬಳು ಹುಲ್ಲಿನ ಪೆಂಡಿಯಿಂದ ಟೊಮೇಟೊ ಕೀಳುತ್ತಿದ್ದಳು. ಇದನ್ನು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಹುಲ್ಲು ಹಸು ತಿನ್ನುವುದು ಮೇಡಂ ಎಂದು ನಾನು ನಕ್ಕುಬಿಟ್ಟೆ. ಆದರೂ ಆ ರಾತ್ರಿ ಊಟ ಮಾಡುವಾಗ ಅಜ್ಜಿಯ ಟೊಮೇಟೊ ಕಣ್ಣ ಮುಂದೆ ಬಂತು. ಅವಳು ಬೆಳೆದರೆ ನಾನೇಕೆ ಬೆಳೆಯಬಾರದು ಎಂದು ಹಟ ಹುಟ್ಟಿತು. ನನ್ನ ಅರ್ಧ ಕೆಲಸಗಳು ಹೀಗೆ ಹಟದಿಂದಲೇ ಆದವು.

ಕೆಲಸದ ವಿಧಾನ ಇಷ್ಟೇ. ಪೆಂಡಿಯನ್ನು ಹುಲ್ಲಿನ ಕೊಯ್ದ ತುದಿ ಮೇಲೆ ಬರುವಂತೆ ಇಡಬೇಕು, ದಾರ ಬಿಚ್ಚಬಾರದು. ನೀರು ಕುಡಿಸಿ ಕುಡಿಸಿ ನೆನೆಸಬೇಕು. ಮೇಲೆ ಕಡಲೆಕಾಯಿ ಹಿಂಡಿ ಪುಡಿ ಮಾಡಿ ಹಾಕಿ, ಮತ್ತೆ ನೀರು ಹಾಯಿಸಬೇಕು. ಮೊದಲು ನಾವು ಯೂರಿಯಾ ಹಾಕುತ್ತಿದ್ದೆವು, ಆಮೇಲೆ ಹಿಂಡಿಗೆ ಬಂದೆವು, ಕೊನೆಗೆ ಗಂಜಲಕ್ಕೆ ಬಂದೆವು. ಆಗ ಪೆಂಡಿಯೊಳಗೆ ಹುಲ್ಲು ಕೊಳೆಯಲು ಶುರುವಾಗಿ ಕಾವು ಏರುತ್ತದೆ. ಆ ಕಾವು ಏರಿ, ತಾನಾಗಿ ಇಳಿದ ಮೇಲೆ ಹುಲ್ಲನ್ನು ಒಂದಿಷ್ಟು ಸರಿಸಿ, ಗುಳಿಯಲ್ಲಿ ಒಂದು ಹಿಡಿ ಗೊಬ್ಬರ ಹಾಕಿ ಸಸಿ ಇಡುವುದು. ಹುಲ್ಲು ಒಳಗೊಳಗೇ ಗೊಬ್ಬರವಾಗುತ್ತ ಹೋಗುತ್ತದೆ, ಗಿಡ ಅದನ್ನು ತಿಂದು ಬೆಳೆಯುತ್ತದೆ. ಇದರಲ್ಲಿ ಕಾವು ಇಳಿಯುವವರೆಗೆ ಕಾಯುವುದೊಂದೇ ಕಷ್ಟ. ಮನುಷ್ಯರಿಗೆ ಕಾಯುವುದು ಬರುವುದಿಲ್ಲ, ಓನರುಗಳಿಗಂತೂ ಬರುವುದೇ ಇಲ್ಲ.

ಆ ವೈಟ್‌ಫೀಲ್ಡಿನ ಮನೆಯಲ್ಲಿ ಏನೋ ಪೂಜೆ ಇತ್ತು. ನೆಂಟರು ಬರುವುದರೊಳಗೆ ಹಿತ್ತಲು ಹಸಿರಾಗಿರಬೇಕು ಎಂದು ಮೇಡಂ ಆಸೆಪಟ್ಟರು. ಇವತ್ತೇ ಸಸಿ ಇಟ್ಟುಬಿಡಿ ಎಂದರು ರಂಗಪ್ಪನವರು. ಕಾವು ಇಳಿದಿಲ್ಲ ಎಂದೆ. ಗಿಡ ನೆಡುವುದು ನಿಮ್ಮ ಕೆಲಸ, ಟೈಮ್ ನೋಡುವುದು ನನ್ನ ಕೆಲಸ ಎಂದು ಅವರು ದೊಡ್ಡ ಧ್ವನಿಯಲ್ಲಿ ಹೇಳಿದರು. ಎಲ್ಲರೆದುರು ಹೇಳಿದರಲ್ಲ, ನನಗೂ ಸಿಟ್ಟು ಬಂತು. ಆಗಲಿ ಎಂದು ನೆಟ್ಟೆ. ಮಾರನೆಯ ದಿನ ನೆಂಟರು ರೇಷ್ಮೆ ಸೀರೆ ಉಟ್ಟು ಹಿತ್ತಲಿಗೆ ಬಂದಾಗ ಸಸಿಗಳೆಲ್ಲ ಬೇಯಿಸಿ ಬಸಿದ ಸೊಪ್ಪಿನ ಹಾಗೆ ಮಲಗಿದ್ದವು. ಮೇಡಂ ಮುಖ ನೋಡಲಾಗಲಿಲ್ಲ. ರಂಗಪ್ಪನವರು ಪೆಂಡಿಯೊಳಗೆ ಬೆರಳು ತೂರಿಸಿ, ಸುಟ್ಟುಕೊಂಡವರಂತೆ ಹಿಂದಕ್ಕೆ ಎಳೆದುಕೊಂಡರು. ಅಂದಿನಿಂದ ಅವರು ನನಗೆ ಟೈಮ್ ಹೇಳಲಿಲ್ಲ. ಮೇಡಂಗೆ ಕಾವು ಆರಿದ ಪೆಂಡಿಯ ಮೇಲೆ ಮತ್ತೆ ನೆಟ್ಟುಕೊಟ್ಟೆವು. ಆ ಸಲದ ಟೊಮೇಟೊ ಅವರ ಆಫೀಸಿಗೆಲ್ಲ ಹೋಯಿತು, ಅಲ್ಲಿಂದ ನಮಗೆ ಸಾಲಾಗಿ ಮನೆಗಳು ಸಿಕ್ಕವು.

ಅದೇ ಮೇಡಂ ಇನ್ನೊಂದು ಬೆಳಿಗ್ಗೆ ಗಾಬರಿಯಿಂದ ಫೋನ್ ಮಾಡಿದರು. ಪೆಂಡಿಯ ತುಂಬ ಕಪ್ಪು ಕೊಡೆಗಳಂಥ ಅಣಬೆ ಎದ್ದಿವೆ, ವಿಷವೋ ಏನೋ ಎಂದು. ನನಗೂ ಅದು ಹೊಸದು. ನನ್ನ ತಂಡದಲ್ಲಿ ರಾಯಚೂರು ಕಡೆಯ ಶರಣಮ್ಮ ಇದ್ದಳು. ದಾಸರಹಳ್ಳಿಯಲ್ಲೇ ಬಾಡಿಗೆ ರೂಮು, ಗಂಡ ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನಿನ ಕೆಲಸಕ್ಕಿದ್ದ. ಅವಳು ಹೋಗಿ ನೋಡಿ ನಕ್ಕಳು.

“ಇವು ನಮ್ಮೂರಾಗ ತಿಪ್ಪಿ ಮ್ಯಾಲ ಏಳ್ತಾವ್ರಿ ಅಕ್ಕಾರ. ಹುಲ್ಲು ಗೊಬ್ಬರ ಆಗಾಕತ್ತೈತಿ ಅಂತ ತಿಳೀರಿ. ತಿನ್ನಬ್ಯಾಡ್ರಿ, ಅಷ್ಟ.”

ಅದೇ ಮಾತನ್ನು ನಾನು ಆಮೇಲೆ ನೂರು ಮನೆಗಳಲ್ಲಿ ನನ್ನದೇ ಎಂಬಂತೆ ಹೇಳಿದ್ದೇನೆ. ಶರಣಮ್ಮ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು, ಒಂದು ಸಲವೂ ನನ್ನ ಮಾನ ಕಳೆಯಲಿಲ್ಲ.

ಪೀಣ್ಯದ ಹಿಂದೆ ಒಂದು ಹಳೆಯ ಹಳ್ಳಿಯಿದೆ, ಈಗ ಸುತ್ತಲೂ ಫ್ಯಾಕ್ಟರಿ ಶೆಡ್ಡುಗಳು. ಅಲ್ಲಿ ಒಬ್ಬರ ಮನೆಗೆ ಪೆಂಡಿ ತರಿಸಿ, ಗೇಟಿನ ಹೊರಗೆ ಸಾಲಾಗಿ ಇಟ್ಟು, ಹಿಂಡಿ ಹಾಕಿ ನೀರು ಕುಡಿಸುತ್ತಿದ್ದೆವು. ನಡುವೆ ಸಂಕ್ರಾಂತಿ ಬಂತು. ಸಂಕ್ರಾಂತಿಯ ಸಂಜೆ ಆ ಕಡೆಯ ಹಳ್ಳಿಗಳಲ್ಲಿ ಬೀದಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಹಚ್ಚಿ, ಸಿಂಗರಿಸಿದ ಹಸು ಎತ್ತುಗಳನ್ನು ಕಿಚ್ಚು ಹಾಯಿಸುವುದು ನಿಮಗೆ ಗೊತ್ತೇ ಇದೆ. ಹುಲ್ಲನ್ನು ಮನೆಮನೆಯವರೂ ಕೊಡುತ್ತಾರೆ, ಕೊಡುವವರು ಬಾಗಿಲಿಗೆ ತಂದಿಡುತ್ತಾರೆ. ಊರಿನ ಹುಡುಗರು ನಮ್ಮ ಪೆಂಡಿ ನೋಡಿದರು. ಎಂಥ ದೊಡ್ಡ ಮನಸ್ಸಪ್ಪ ಇವರದ್ದು ಎಂದು ಸಂತೋಷಪಟ್ಟು ಎಲ್ಲವನ್ನೂ ಹೊತ್ತುಕೊಂಡು ಹೋದರು. ಬೀದಿಗೆ ಹಾಸಿ ಕಡ್ಡಿ ಗೀರಿದರೆ ಬೆಂಕಿಯ ಸುಳಿವಿಲ್ಲ, ಬರೀ ಹೊಗೆ. ಒಳಗೆಲ್ಲ ನೀರು ಕುಡಿದ ಹುಲ್ಲು, ಮೇಲೆ ಕೊಳೆತ ಹಿಂಡಿಯ ವಾಸನೆ ಬೇರೆ. ಗೆಜ್ಜೆ ಕಟ್ಟಿಕೊಂಡ ಎತ್ತುಗಳು ಮೂತಿ ತಿರುಗಿಸಿ ಬಂದ ದಾರಿ ಹಿಡಿದವು. ಹೊಸ ಬಟ್ಟೆ ಹಾಕಿದ ಊರೆಲ್ಲ ಕೆಮ್ಮುತ್ತಿತ್ತು. ಮರುದಿನ ನಾನು ಹೋದಾಗ ಹಿರಿಯರೊಬ್ಬರು, ನೀನು ನಮ್ಮ ಹಬ್ಬಕ್ಕೆ ಏನು ಇಟ್ಟಿದ್ದೆ ತಾಯಿ ಎಂದು ಗಂಭೀರವಾಗಿ ಕೇಳಿದರು. ತರಕಾರಿ ಎಂದೆ. ಅಂದಿನಿಂದ ಪೆಂಡಿ ಯಾವತ್ತೂ ಕಾಂಪೌಂಡಿನ ಒಳಗೆ. ಇದನ್ನು ಮರೆಯಬೇಡಿ.

ಈಗ ಬೇಗೂರಿಗೆ ಬರೋಣ.

ಮುನಿಯಮ್ಮನವರು ಆ ಊರಿನ ಹಳೆಯ ಒಕ್ಕಲು ಮನೆತನದವರು. ಅವರ ರಾಗಿ ಹೊಲದ ಮೇಲೆ ಈಗ ಬೀದಿಗಳಿವೆ. ಒಂದು ಮೂಲೆಯಲ್ಲಿ ಮಗ ಮಂಜುನಾಥ ಕಟ್ಟಿಸಿದ ಬಾಡಿಗೆ ಮನೆಗಳು, ನೆಲಮಹಡಿಯಲ್ಲಿ ಇವರು. ಪಕ್ಕದಲ್ಲಿ ಒಂದು ಖಾಲಿ ಸೈಟು. ಅದರ ಮೇಲೂ ಮನೆ ಕಟ್ಟುವಾಗ ಉಳಿದ ಡೆಬ್ರೀಸ್ ಸುರಿದು ಮಟ್ಟ ಮಾಡಿದ್ದರು. ಮನೆ ತುಂಬ ಜನ, ಮೊಮ್ಮಕ್ಕಳು, ಯಾವುದಕ್ಕೂ ಕೊರತೆಯಿಲ್ಲ. ಮುನಿಯಮ್ಮನವರಿಗೆ ಒಂದೇ ಸಂಕಟ. ಅವರ ಮನೆಯಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ, ಎಷ್ಟೇ ತರಕಾರಿ ಸಂತೆಯಿಂದ ತಂದರೂ, ಒಂದಾದರೂ ಕಾಯಿಪಲ್ಯ ಅವರದೇ ನೆಲದಲ್ಲಿ ಬೆಳೆದದ್ದು ಇರಬೇಕಿತ್ತು. ಅತ್ತೆಯ ಕಾಲದಿಂದ ನಡೆದುಬಂದದ್ದು. ಹೊಲ ಹೋದ ಮೇಲೆ ಅದು ನಿಂತುಹೋಗಿತ್ತು. ಪ್ರತಿ ವರ್ಷ ಎಡೆಯ ಮುಂದೆ ಕೈಮುಗಿಯುವಾಗ ಯಾರದ್ದೋ ಮನೆಯ ಊಟ ಬಡಿಸಿದ ಹಾಗೆ ಆಗುತ್ತದೆ ಎಂದು ನನ್ನ ಹತ್ತಿರ ಹೇಳಿದರು.

ಆ ಸೈಟಿನಲ್ಲಿ ಅವರು ಬೀಜ ಹಾಕಿ ನೋಡಿದ್ದರು, ಹುಟ್ಟಿರಲಿಲ್ಲ. ರಂಗಪ್ಪನವರ ಕೆಮ್ಮಣ್ಣು ಹಾಕಿಸಿದ್ದರು, ಒಂದು ಮಳೆಗೆ ಕೊಚ್ಚಿಕೊಂಡು ಬೀದಿಗೆ ಹೋಗಿತ್ತು. ಅಷ್ಟರಲ್ಲಿ ಬಾಡಿಗೆದಾರರ ಬೈಕುಗಳಿಗೆ ಜಾಗ ಸಾಲದೆ ಬೀದಿಯಲ್ಲಿ ದಿನಾ ಜಗಳ. ಮಂಜುನಾಥ ಕೆಟ್ಟವನಲ್ಲ. ಅಮ್ಮನ ಎದುರಿಗೇ ನನಗೆ ನೇರವಾಗಿ ಹೇಳಿದ.

“ನೋಡಿ ಅಕ್ಕ, ಈ ಸಲ ಎಡೆಗೆ ಈ ಸೈಟಿಂದ ಒಂದ್ ತರಕಾರಿ ಬಂದ್ರೆ ನಾನು ಇದನ್ನ ಮುಟ್ಟಲ್ಲ, ಅಮ್ಮಂದೇ. ಬರ್ಲಿಲ್ಲ ಅಂದ್ರೆ ಹಬ್ಬದ ಮಾರನೇ ದಿನ ಕಾಂಕ್ರೀಟ್ ಹಾಕ್ಸಿ ಪಾರ್ಕಿಂಗ್ ಮಾಡ್ಬಿಡ್ತೀನಿ. ಆಮೇಲೆ ಯಾರೂ ಅಳ್ಬಾರ್ದು.”

ಮುನಿಯಮ್ಮ ತಲೆಯಾಡಿಸಿದರು. ನಾನೂ ಆಡಿಸಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಒಪ್ಪಿಕೊಂಡದ್ದು ಏನೆಂದು ಲೆಕ್ಕ ಹಾಕಿದೆ. ಎಷ್ಟೋ ಮನೆಗಳಲ್ಲಿ ಗಿಡ ಸತ್ತರೆ ಬೇರೆ ಗಿಡ ಇಟ್ಟು ಬಂದಿದ್ದೇನೆ. ಇಲ್ಲಿ ಸತ್ತರೆ ಆ ತಾಯಿಯ ಕಣ್ಣೆದುರಿಗಿದ್ದ ಕೊನೆಯ ತುಂಡು ನೆಲ ಹೋಗುತ್ತಿತ್ತು.

ಪೆಂಡಿ ಬಂದ ದಿನವೇ ಮುನಿಯಮ್ಮನವರ ಜೊತೆ ನನ್ನ ಮೊದಲ ಜಗಳ. ಶರಣಮ್ಮ ಪೈಪು ಹಿಡಿದು ನೀರು ಬಿಟ್ಟಳು. ಮುನಿಯಮ್ಮ ಒಳಗಿಂದ ಓಡಿಬಂದು ಪೈಪು ಕಿತ್ತುಕೊಂಡರು.

“ಉಲ್ಲಿಗೆ ನೀರು ಬುಡ್ತಾರೇನವ್ವ? ಒಂದು ತೊಟ್ಟು ಬಿದ್ರೆ ಬಣವೆ ಪೂರಾ ಕೆಟ್ಟೋಯ್ತದೆ ಅಂತ ಮಳೇಲಿ ಎದ್ದು ಎದ್ದು ಗೋಣಿ ಒದಿಸ್ತಿದ್ವಿ. ನೀನು ದನ ತಿನ್ನೋ ಅನ್ನಾನ ಕೊಳೆಸ್ತೀಯ?”

ಅವರ ಕಣ್ಣಲ್ಲಿ ನೀರಿತ್ತು. ಬಣವೆಗೆ ನೀರು ನುಗ್ಗಿದರೆ ಒಳಗೆ ಕಾವು ಎದ್ದು ಹುಲ್ಲೆಲ್ಲ ಹಾಳು, ಒಮ್ಮೊಮ್ಮೆ ತಾನಾಗಿ ಬೆಂಕಿಯೂ ಹತ್ತುವುದುಂಟು. ಜೀವನಪೂರ್ತಿ ನೀರು ತಾಗದಂತೆ ಬಣವೆ ಕಾಯ್ದವರಿಗೆ ಹುಲ್ಲು ನೆನೆಸಿ ಎಂದರೆ ಹೇಗಾಗಬೇಡ? ನಾನು ವಾದ ಮಾಡಲಿಲ್ಲ. ಅವರನ್ನು ಕೂರಿಸಿಕೊಂಡು, ನೀವು ಯಾವ ಕಾವಿಗೆ ಹೆದರುತ್ತಿದ್ದಿರೋ ಆ ಕಾವೇ ನಮಗೆ ಬೇಕಾದ್ದು ಎಂದು ಹೇಳಿದೆ. ಬಣವೆಯಲ್ಲಿ ಕೆಟ್ಟ ಹುಲ್ಲನ್ನು ನೀವು ಎಲ್ಲಿಗೆ ಹಾಕುತ್ತಿದ್ದಿರಿ ಎಂದು ಕೇಳಿದೆ. ತಿಪ್ಪೆಗೆ ಎಂದರು. ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳ ನೆನಪಿಲ್ಲವೇ ಎಂದೆ. ಮುನಿಯಮ್ಮ ಎದ್ದು, ಪೈಪು ಶರಣಮ್ಮನ ಕೈಗೆ ಕೊಟ್ಟು ಒಳಗೆ ಹೋದರು. ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಅವರೇ ನೀರು ಹಾಯಿಸಿ ಮುಗಿಸಿದ್ದರು.

ಎಲ್ಲವೂ ಸರಿಯಾಗಿ ನಡೆಯಿತು ಎಂದು ಬರೆದರೆ ನೀವು ನಂಬಬೇಡಿ. ಕಾವು ಆರಿತು, ಬೀನ್ಸ್, ಟೊಮೇಟೊ, ಬದನೆ ಇಟ್ಟೆವು. ಎಲೆಗಳು ಬಂದವು, ಬಂದ ಹಾಗೇ ಮುರುಟಿಕೊಂಡವು. ಎಲೆ ಸುತ್ತಿ, ಕಾಂಡ ಸೊಟ್ಟಗಾಗಿ, ಗಿಡದ ಕೈಯನ್ನು ಯಾರೋ ತಿರುಚಿದ ಹಾಗೆ. ರೋಗವೆಂದು ಔಷಧಿ ಹೊಡೆದೆ, ನೀರು ಜಾಸ್ತಿಯಾಯಿತೆಂದು ಕಡಿಮೆ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಪೆಂಡಿ ತಂದ ಲಾರಿಯವನನ್ನು ಹಿಡಿದು ಕೂರಿಸಿ ಕೇಳಿದಾಗ, ಆ ಗದ್ದೆಯಲ್ಲಿ ಕಳೆ ಸಾಯಲು ಔಷಧಿ ಹೊಡೆದಿದ್ದರು ಎಂದು ಗೊತ್ತಾಯಿತು. ಭತ್ತಕ್ಕೆ ಅದು ಏನೂ ಮಾಡುವುದಿಲ್ಲ, ಹುಲ್ಲಿನಲ್ಲಿ ಉಳಿದು ತರಕಾರಿ ಗಿಡವನ್ನು ತಿನ್ನುತ್ತದೆ. ಮಂಜುನಾಥ ಒಂದು ಸಂಜೆ ಬಂದು ನೋಡಿಕೊಂಡು ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು. ಮರುವಾರ ಗೇಟಿನ ಪಕ್ಕ ಒಂದು ಲೋಡು ಜಲ್ಲಿ ಬಂದು ಬಿದ್ದಿತು, ಪಾರ್ಕಿಂಗಿಗೆ.

ರಂಗಪ್ಪನವರು ಇನ್ನು ಬಿಟ್ಟುಬಿಡಿ ಜಯಮ್ಮ, ಟೈಮ್ ಇಲ್ಲ ಎಂದರು. ಟೈಮ್ ನೋಡುವುದು ನಿಮ್ಮ ಕೆಲಸವಲ್ಲ ಎಂದು ನಾನು ಅವರಿಗೆ ನೆನಪಿಸಿದೆ. ಆ ಪೆಂಡಿಗಳನ್ನೆಲ್ಲ ಎತ್ತಿಸಿ ಹೊರಗೆ ಹಾಕಿಸಿದೆ. ಈ ಸಲ ಪೆಂಡಿ ಕೊಳ್ಳುವ ಮುಂಚೆ ಒಂದಿಷ್ಟು ಹುಲ್ಲು ತಂದು, ಡಬ್ಬಿಯಲ್ಲಿ ನೆನೆಸಿ, ಅದರಲ್ಲಿ ಹುರುಳಿ ಬೀಜ ಹಾಕಿ ನೋಡಿದೆ. ಎಲೆ ನೆಟ್ಟಗೆ ಬಿಚ್ಚಿದ ಹುಲ್ಲನ್ನು ಮಾತ್ರ ತರಿಸಿದೆ. ಮಕ್ಕಳೇ, ನನ್ನ ಕೆಲಸದಲ್ಲಿ ನಿಮಗೆ ಬಿಟ್ಟುಹೋಗುವುದು ಏನಾದರೂ ಇದ್ದರೆ ಈ ಡಬ್ಬಿ. ಪೆಂಡಿ ಮಾರುವವನು ದೇವರ ಮೇಲೆ ಆಣೆ ಮಾಡಿದರೂ ಡಬ್ಬಿ ನೋಡದೆ ಕೊಳ್ಳಬೇಡಿ.

ಕಾವು ಬೇಗ ಏರಿ ಬೇಗ ಇಳಿಯಬೇಕಿತ್ತು. ಹಿಂಡಿ ನಿಧಾನ. ಆಗ ಮುನಿಯಮ್ಮ, ಬೀದಿಯ ಕೊನೆಯ ಮನೆಯಲ್ಲಿ ಇನ್ನೂ ಹಸು ಕಟ್ಟಿದ್ದಾರೆ, ಗಂಜಲ ತರೋಣ ಎಂದರು. ಬಾಡಿಗೆ ಮನೆಗಳ ಒಡತಿ, ಕೈಯಲ್ಲಿ ಚಿನ್ನದ ಬಳೆ, ಬಕೆಟ್ಟು ಹಿಡಿದುಕೊಂಡು ಬೀದಿಯುದ್ದಕ್ಕೂ ಬರುವುದನ್ನು ಬಾಡಿಗೆದಾರರು ಮಹಡಿಯಿಂದ ನೋಡಿದರು. ಮುನಿಯಮ್ಮನವರಿಗೆ ಅದು ಲೆಕ್ಕಕ್ಕೇ ಇಲ್ಲ. ದಿನಾ ಬೆಳಿಗ್ಗೆ ಮೊಣಕೈವರೆಗೆ ಕೈಯನ್ನು ಪೆಂಡಿಯೊಳಗೆ ತೂರಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಇನ್ನೂ ಸುಡ್ತದೆ ಎನ್ನುತ್ತಿದ್ದರು. ಒಂದು ದಿನ ಕೈ ತೆಗೆದು, ಈಗ ಮಗೀನ ಮೈ ಬೆಚ್ಚಗಿದ್ದಂಗದೆ, ಇಡು ಎಂದರು. ನಾನೂ ಕೈ ಹಾಕಿ ನೋಡಿದೆ, ಸರಿಯಾಗಿತ್ತು. ಆಮೇಲೆ ನನ್ನ ತಂಡದಲ್ಲಿ ಯಾರೂ ಕಾವು ಅಳೆಯಲು ಥರ್ಮಾಮೀಟರ್ ಕೇಳಲಿಲ್ಲ.

ಟೊಮೇಟೊಗೆ ಸಮಯ ಸಾಲದು. ಬೇಗ ಕಾಯಿ ಬಿಡುವ ಬೀನ್ಸ್, ಬೆಂಡೆ, ಹೀರೆಬಳ್ಳಿ ಎಂದು ಆರಿಸಿಕೊಂಡೆ. ಮಳೆ ಸರಿಯಾಗಿ ಹಿಡಿದಿತ್ತು. ಪೆಂಡಿಗಳು ಕುಸಿಯತೊಡಗಿದಾಗ ಶರಣಮ್ಮ ಬದಿಗೆ ಗೂಟ ಹೊಡೆದು ಅಡ್ಡ ಕಟ್ಟಿದಳು. ಬಸವನಹುಳುಗಳನ್ನು ಮುನಿಯಮ್ಮನ ಮೊಮ್ಮಕ್ಕಳು ಆರಿಸಿದರು. ಹೀರೆಬಳ್ಳಿ ಚಪ್ಪರ ಹತ್ತಿ, ಮೊದಲ ಹಳದಿ ಹೂವು ಬಿಟ್ಟ ಸಂಜೆ ಮುನಿಯಮ್ಮ ನನಗೆ ಫೋನ್ ಮಾಡಿದರು. ಸುಮ್ಮನೆ ನಗುತ್ತಿದ್ದರು. ನಾನು ಇಲ್ಲಿ ಅಡುಗೆ ಮನೆಯಲ್ಲಿ ನಿಂತು ಅವರ ಜೊತೆ ನಕ್ಕೆ. ನನ್ನ ಗಂಡ ಬಂದು, ನಿನಗೇನಾಯಿತು ಎಂದು ಕೇಳಿದರು.

ಹಬ್ಬದ ಬೆಳಿಗ್ಗೆ ನಾವು ಹೋದಾಗ ಚಪ್ಪರದಲ್ಲಿ ಹೀರೆಕಾಯಿ ತೂಗಾಡುತ್ತಿದ್ದವು. ಬೆಂಡೆ, ಬೀನ್ಸ್ ಮೊರದ ತುಂಬ. ಗೆದ್ದೆವು ಎಂದುಕೊಂಡೆ. ಮಂಜುನಾಥನೂ ನಗುತ್ತಿದ್ದ. ಆಗ ಒಳಗಿನಿಂದ ಪಿಳ್ಳಪ್ಪನವರು ಬಂದರು. ಅವರು ಮುನಿಯಮ್ಮನ ಮೈದುನ. ಅಣ್ಣ ತೀರಿದ ಮೇಲೆ ಆ ಮನೆಯಲ್ಲಿ ಎಡೆ ಇಡುವವರು ಅವರೇ, ಅವರು ಆಗದು ಎಂದರೆ ಆಗದು. ಮೊರ ನೋಡಿದರು, ಪೆಂಡಿ ನೋಡಿದರು.

“ಇದು ನಮ್ ನೆಲದ್ದಲ್ಲ ಅತ್ತಿಗೆ. ಎಲ್ಲಿಂದಲೋ ಬಂದ ಉಲ್ಲಲ್ಲಿ ಬೆಳೆದಿದ್ದು. ಮಣ್ಣು ಮುಟ್ಟದೆ ಇರೋ ಕಾಯಿ ಇರೀಕರಿಗೆ ಇಕ್ಕಕ್ಕಾಯ್ತದಾ? ಸಂತೇದೂ ಇದೂ ಒಂದೇಯ.”

ಮುನಿಯಮ್ಮ ಮೊರವನ್ನು ಎದೆಗೆ ಒತ್ತಿಕೊಂಡರು. ಮಂಜುನಾಥ ಮೊದಲು ಚಿಕ್ಕಪ್ಪನ ಮುಖ ನೋಡಿದ, ಆಮೇಲೆ ಗೇಟಿನ ಪಕ್ಕದ ಜಲ್ಲಿ ನೋಡಿದ. ಅವನ ಷರತ್ತು ಎಡೆಗೆ ಬಂದರೆ ಎಂದು. ಎಡೆಗೇ ಬರದಿದ್ದರೆ ಬೆಳೆದೂ ಸೋತಂತೆ. ನನಗೆ ಅಂಥ ಸಿಟ್ಟು ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ. ಅಷ್ಟು ದಿನದ ಬೆವರನ್ನು ಒಂದು ಮಾತಲ್ಲಿ ತಳ್ಳಿಹಾಕಿದರಲ್ಲ. ಆದರೆ ಅವರ ಮಾತಿನಲ್ಲಿ ಒಂದು ಪ್ರಶ್ನೆ ಇತ್ತು, ಅದಕ್ಕೆ ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಬೇರುಗಳು ಎಲ್ಲಿಯವರೆಗೆ ಹೋಗಿವೆ? ಪೆಂಡಿಯಲ್ಲೇ ನಿಂತಿವೆಯೇ, ಆ ಇಟ್ಟಿಗೆ ಸಿಮೆಂಟಿಗೆ ತಾಗಿ ಸುತ್ತಿಕೊಂಡಿವೆಯೇ? ನೋಡಬೇಕಾದರೆ ಕಾಯಿ ಬಿಡುತ್ತಿರುವ ಪೆಂಡಿಯನ್ನೇ ಒಡೆಯಬೇಕು. ಒಡೆದು ಏನೂ ಸಿಗದಿದ್ದರೆ ನನ್ನ ಕೈಯಾರೆ ಪಾರ್ಕಿಂಗಿಗೆ ಜಾಗ ಮಾಡಿಕೊಟ್ಟ ಹಾಗೆ.

ಮುನಿಯಮ್ಮನ ಮುಖ ನೋಡಿದೆ. ಅವರು ನನಗಿಂತ ಮುಂಚೆ ಅದನ್ನು ಯೋಚಿಸಿದ್ದರು.

“ಒಡಿಯವ್ವ. ದೊಡ್ಡ ಈರೇಬಳ್ಳೀದೇ ಒಡಿ,” ಎಂದರು.

ಶರಣಮ್ಮ ಕುಡುಗೋಲಿನಿಂದ ದಾರ ಕೊಯ್ದಳು. ಪೆಂಡಿ ಎರಡು ಹೋಳಾಗಿ ಬಿತ್ತು. ಹೊರಗೆ ಹಳದಿ ಹುಲ್ಲು, ಒಳಗೆ ಕಾಫಿ ಪುಡಿಯಂಥ ಕಪ್ಪು ಗೊಬ್ಬರ, ಎರೆಹುಳು ಹರಿದಾಡುತ್ತಿದ್ದವು. ಹೀರೆಯ ಬೇರು ಅದರ ನಡುವೆ ಹಾದು ನೇರ ಕೆಳಗೆ ಇಳಿದಿತ್ತು. ನಾನು ಮೊಣಕಾಲೂರಿ ಇಟ್ಟಿಗೆ ಚೂರುಗಳನ್ನು ಒಂದೊಂದಾಗಿ ಎತ್ತಿದೆ. ಮೊದಲು ಹಾರೆಗೂ ಜಗ್ಗದಿದ್ದ ಆ ನೆಲ ಈಗ ಪೆಂಡಿಯ ನೀರು ಕುಡಿದು ಕುಡಿದು ಸಡಿಲವಾಗಿತ್ತು, ಚೂರುಗಳು ಕೈಗೇ ಬಂದವು. ಬೇರು ಇಟ್ಟಿಗೆ ಸಂದಿಯಲ್ಲಿ ನುಸುಳಿತ್ತು, ಸಿಮೆಂಟಿನ ಗಡ್ಡೆಯನ್ನು ಬಳಸಿಕೊಂಡು ಹೋಗಿತ್ತು. ಮಂಜುನಾಥನೂ ಹೊಸ ಷರ್ಟಿನಲ್ಲೇ ಕೂತು ಕಲ್ಲು ಎತ್ತತೊಡಗಿದ. ಮೊಳದಷ್ಟು ಆಳಕ್ಕೆ ಹೋದಾಗ ಶರಣಮ್ಮ ಉಸಿರೆಳೆದಳು. ಕೆಳಗೆ ಕೆಂಪು ಮಣ್ಣು. ಒದ್ದೆಯಾದ, ಮೆತ್ತಗಿನ, ಅವರ ರಾಗಿ ಹೊಲದ ಮಣ್ಣು. ಬೇರಿನ ತುದಿಗಳು ಬಿಳಿಯ ದಾರದ ಹಾಗೆ ಅದರೊಳಗೆ ಹರಡಿಕೊಂಡಿದ್ದವು.

ಮುನಿಯಮ್ಮ ಬಗ್ಗಿ ಒಂದು ಹಿಡಿ ತೆಗೆದು ಮೂಸಿದರು. ಅದನ್ನು ಪಿಳ್ಳಪ್ಪನವರ ಅಂಗೈಗೆ ಹಾಕಿದರು. ಪಿಳ್ಳಪ್ಪನವರು ಅದನ್ನು ಬೆರಳಲ್ಲಿ ಉಜ್ಜಿದರು. ಆ ಹೊಲವನ್ನು ಕೊನೆಯ ಸಲ ಉತ್ತವರು ಅವರೇ ಎಂದು ಮಂಜುನಾಥ ಆಮೇಲೆ ಹೇಳಿದ. ಆ ಹೊತ್ತಿಗೆ ಅದು ನನಗೆ ಗೊತ್ತಿರಲಿಲ್ಲ. ಅವರು ಮುನಿಯಮ್ಮನ ಕೈಯಿಂದ ಮೊರವನ್ನು ತಾವೇ ತೆಗೆದುಕೊಂಡರು.

“ನಡಿ ಅತ್ತಿಗೆ, ಒತ್ತಾಯ್ತದೆ. ಅಡುಗೆಗೆ ಇಡು,” ಎಂದರು.

ಎಡೆ ಇಟ್ಟರು. ಹೀರೆಕಾಯಿ ಕೂಟು, ಬೆಂಡೆ ಪಲ್ಯ, ಬೀನ್ಸ್ ಹಾಕಿದ ಸಾರು ಎಲ್ಲವೂ ಎಲೆಯ ಮೇಲೆ ಹಿರಿಯರ ಮುಂದೆ. ಮುನಿಯಮ್ಮ ಸೆರಗು ಹೊದ್ದು ಕೈಮುಗಿದು ನಿಂತವರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನನ್ನನ್ನೂ ಶರಣಮ್ಮನನ್ನೂ ಮನೆಯವರ ಸಾಲಿನಲ್ಲೇ ಊಟಕ್ಕೆ ಕೂರಿಸಿದರು. ಪಿಳ್ಳಪ್ಪನವರು ನನ್ನ ಎದುರಿಗೆ. ಕೂಟಿನ ಮೊದಲ ತುತ್ತು ಬಾಯಿಗಿಟ್ಟು ಅಗಿದರು, ಆಮೇಲೆ ಎಲೆಯನ್ನು ಮುಂದೆ ಸರಿಸಿ ಇನ್ನಷ್ಟು ಹಾಕಿಸಿಕೊಂಡರು. ನಾನೂ ಹೊಟ್ಟೆ ತುಂಬ ತಿಂದೆ, ಅಷ್ಟು ರುಚಿಯಾದ ಹೀರೆಕಾಯಿ ನಾನು ಮತ್ತೆ ತಿಂದಿಲ್ಲ. ಕೈ ತೊಳೆದು ಹೊರಗೆ ಬಂದಾಗ ಪಿಳ್ಳಪ್ಪನವರು ಗೇಟಿನ ಹತ್ತಿರ ನಿಂತು ಜಲ್ಲಿಯ ಗುಡ್ಡೆಯನ್ನು ಕೋಲಿನಿಂದ ತಟ್ಟುತ್ತಿದ್ದರು.

“ಮಂಜ, ಇದನ್ನ ನಾಳೆ ನಮ್ಮನೆ ಮುಂದಕ್ಕೆ ಸಾಗಿಸು. ನಮ್ಮ ಅಂಗಳಕ್ಕೆ ಬೇಕಾಗಿತ್ತು. ಇಲ್ಲಿ ಮಣ್ಣು ಇನ್ನೂ ಬದುಕಿ ಅದೆ, ಇದರ ಮ್ಯಾಲೆ ಕಲ್ಲು ಉಯ್ಯಬ್ಯಾಡ.”

ಮಂಜುನಾಥ ಹೂಂ ಎಂದ. ತನ್ನ ಬೈಕನ್ನು ಗೇಟಿನ ಒಳಗಿನಿಂದ ತಳ್ಳಿಕೊಂಡು ಹೋಗಿ ಬೀದಿಯಲ್ಲಿ ನಿಲ್ಲಿಸಿ ಬಂದು, ಮುಂದಿನ ಸಲಕ್ಕೆ ಎಷ್ಟು ಪೆಂಡಿ ಬೇಕಾಗುತ್ತದೆ ಎಂದು ನನ್ನನ್ನು ಕೇಳಿದ.